ದೂರಶಿಕ್ಷಣದ ಓದು: ಪುಸ್ತಕ ಕೈಗೆ ಬಂದ ದಿನದಿಂದ ಪರೀಕ್ಷೆಯ ದಿನದವರೆಗೆ

ದೂರಶಿಕ್ಷಣಕ್ಕೆ ಸೇರಿದ ಹೆಚ್ಚಿನವರು ಓದು ಶುರು ಮಾಡುವುದು ಒಂದೇ ರೀತಿ. ಪುಸ್ತಕವೋ ಪಿಡಿಎಫ್ಫೋ ಕೈಗೆ ಬರುತ್ತದೆ, ಮೊದಲ ಪುಟ ತೆರೆಯುತ್ತಾರೆ, ಸಾಲು ಸಾಲಾಗಿ ಓದುತ್ತಾ ಹೋಗುತ್ತಾರೆ, ಮುಖ್ಯ ಅನ್ನಿಸಿದ್ದಕ್ಕೆ ಗೆರೆ ಎಳೆಯುತ್ತಾರೆ. ಎರಡು ಮೂರು ಯೂನಿಟ್ ಮುಗಿಯುವ ಹೊತ್ತಿಗೆ ಆಫೀಸಿನ ಕೆಲಸವೋ ಮನೆಯ ಜವಾಬ್ದಾರಿಯೋ ಅಡ್ಡ ಬಂದು ಓದು ನಿಲ್ಲುತ್ತದೆ. ತಿಂಗಳು ಬಿಟ್ಟು ಮತ್ತೆ ತೆರೆದರೆ ಮೊದಲ ಯೂನಿಟ್ಟೇ ಹೊಸದಾಗಿ ಕಾಣುತ್ತದೆ. ಆಗ ಬರುವ ತೀರ್ಮಾನ ಒಂದೇ: "ನನ್ನ ತಲೆಗೆ ಇದು ಹತ್ತುವುದಿಲ್ಲ." ಇದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ, ಯಾಕಂದ್ರೆ ತಲೆಯಲ್ಲಿ ಏನೂ ಕೊರತೆ ಇರುವುದಿಲ್ಲ. ಎಡವಿರುವುದು ಓದುವ ರೀತಿಯಲ್ಲಿ.

ಕ್ಲಾಸಿನಲ್ಲಿ ಕೂತು ಕಲಿಯುವವರಿಗೆ ಮೇಷ್ಟ್ರು ಪಾಠ ಹೇಳುವುದರ ಜೊತೆಗೆ ಇನ್ನೂ ಒಂದಷ್ಟು ಕೆಲಸ ಮಾಡಿಕೊಡುತ್ತಾರೆ. ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಹೋದ ವಾರದ ಪಾಠ ನೆನಪಿಸುತ್ತಾರೆ. ಇದು ಮುಖ್ಯ, ಅದನ್ನು ಸುಮ್ನೆ ಒಮ್ಮೆ ನೋಡಿ ಸಾಕು ಅನ್ನುತ್ತಾರೆ. ತಪ್ಪಿದರೆ ಅಲ್ಲೇ ತಿದ್ದುತ್ತಾರೆ. ದೂರಶಿಕ್ಷಣದಲ್ಲಿ ಪಾಠ ಪುಸ್ತಕದಲ್ಲಿ ಸಿಗುತ್ತದೆ, ಆದರೆ ಈ ನಾಲ್ಕು ಕೆಲಸ ಮಾಡುವವರು ಎದುರಿಗಿಲ್ಲ. ಅವನ್ನು ನೀವೇ ಮಾಡಿಕೊಳ್ಳಬೇಕು. ಹೇಗೆ ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು ನಿಮ್ಮ ಓದು ಯಾವ ಥರದ್ದು ನೋಡಿಕೊಳ್ಳಿ

1976ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫೆರೆನ್ಸ್ ಮಾರ್ಟನ್ ಮತ್ತು ರೋಜರ್ ಸಾಲ್ಯೋ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಲೇಖನ ಓದಲು ಕೊಟ್ಟರು. ಆಮೇಲೆ ಪ್ರಶ್ನೆ ಕೇಳುತ್ತೇವೆ ಅಂತ ಮೊದಲೇ ಹೇಳಿದ್ದರು. ಒಂದಷ್ಟು ಜನ ಏನು ಕೇಳಬಹುದು ಅಂತ ಊಹಿಸುತ್ತಾ ಬಿಡಿ ಬಿಡಿ ಸಂಗತಿಗಳನ್ನು ನೆನಪಿಟ್ಟುಕೊಳ್ಳಲು ನೋಡಿದರು. ಇನ್ನೊಂದಷ್ಟು ಜನ ಬರೆದವರು ಏನು ಹೇಳಲು ಹೊರಟಿದ್ದಾರೆ, ಅದಕ್ಕೆ ಏನು ಆಧಾರ ಕೊಟ್ಟಿದ್ದಾರೆ ಅಂತ ಹುಡುಕುತ್ತಾ ಓದಿದರು. ಲೇಖನದ ನಿಜವಾದ ಮಾತನ್ನು ಹಿಡಿದವರು ಎರಡನೆಯ ಗುಂಪಿನಲ್ಲೇ ಸಿಕ್ಕರು. ಮೊದಲನೆಯದಕ್ಕೆ ಮೇಲುಮೇಲಿನ ಓದು, ಎರಡನೆಯದಕ್ಕೆ ಆಳದ ಓದು ಅನ್ನೋಣ. ಮುಂದೆ ನೋಯೆಲ್ ಎಂಟ್ವಿಸಲ್ ಅಂಥ ಸಂಶೋಧಕರು ಮೂರನೆಯದೊಂದನ್ನೂ ಗುರುತಿಸಿದರು. ಅದು ಅಂಕದ ಲೆಕ್ಕ ಹಾಕಿ ಓದುವುದು: ಯಾವುದಕ್ಕೆ ಎಷ್ಟು ಮಾರ್ಕ್ಸ್, ಎಲ್ಲಿ ಎಷ್ಟು ಸಮಯ ಹಾಕಬೇಕು ಅನ್ನುವ ಎಚ್ಚರ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಇವು ಮನುಷ್ಯರ ಜಾತಿಗಳಲ್ಲ. ಅದೇ ವ್ಯಕ್ತಿ ಇಷ್ಟದ ವಿಷಯವನ್ನು ಆಳವಾಗಿ ಓದುತ್ತಾನೆ, ನಾಳೆ ಅಸೈನ್‌ಮೆಂಟ್ ಕೊಡಬೇಕು ಅಂದಾಗ ಮೇಲುಮೇಲಕ್ಕೆ ಇಳಿಯುತ್ತಾನೆ. ಸಮಯ ಕಡಿಮೆಯಾದಷ್ಟೂ, ಭಯ ಜಾಸ್ತಿಯಾದಷ್ಟೂ ಓದು ಮೇಲುಮೇಲಿನದಾಗುತ್ತದೆ. ದೂರಶಿಕ್ಷಣದವರು ಮುಖ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಅಂಕದ ಲೆಕ್ಕದ ಓದನ್ನು ಕೆಲವರು ಕೀಳಾಗಿ ನೋಡುತ್ತಾರೆ. ನಾನು ಒಪ್ಪುವುದಿಲ್ಲ. ಕೆಲಸ ಮುಗಿಸಿ ಬಂದು ಓದಲು ಕೂರುವವರಿಗೆ ಆ ಲೆಕ್ಕ ಬೇಕೇ ಬೇಕು. ಏನು ಓದಬೇಕು, ಯಾವಾಗ ಓದಬೇಕು ಅನ್ನುವುದಕ್ಕೆ ಅಂಕದ ಲೆಕ್ಕ ಇಟ್ಟುಕೊಳ್ಳಿ. ಓದಲು ಕೂತ ಮೇಲೆ ಆಳಕ್ಕೆ ಇಳಿಯಿರಿ. ಎರಡೂ ಒಟ್ಟಿಗೆ ಹೋಗುತ್ತವೆ.

ಪುಸ್ತಕ ಓದುವ ಮೊದಲು ಒಂದು ಸಂಜೆ

ಪುಸ್ತಕ ಬಂದ ದಿನ ಪಾಠ ಓದಬೇಡಿ. ಆ ಸಂಜೆ ಸಿಲಬಸ್, ಅಸೈನ್‌ಮೆಂಟ್ ಪ್ರಶ್ನೆಗಳು, ಸಿಕ್ಕಷ್ಟು ಹಳೆಯ ಪ್ರಶ್ನೆಪತ್ರಿಕೆಗಳು, ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು ಕೂರಿ. ಅಸೈನ್‌ಮೆಂಟ್ ಕೊನೆಯ ದಿನ, ಪರೀಕ್ಷೆಯ ಅರ್ಜಿ ಮತ್ತು ಫೀಸಿನ ಕೊನೆಯ ದಿನ, ಮೇಷ್ಟ್ರು ಎದುರಾಗಿ ಪಾಠ ಮಾಡುವ ಸಂಪರ್ಕ ತರಗತಿಗಳ ದಿನ, ಇಷ್ಟನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಚೆನ್ನಾಗಿ ಓದಿದವರೂ ಅರ್ಜಿಯ ದಿನ ತಪ್ಪಿಸಿಕೊಂಡು ಆರು ತಿಂಗಳು ಕಾಯುವುದುಂಟು. ಫೋನಿನಲ್ಲಿ ಎರಡು ನೆನಪೋಲೆ ಹಾಕಿ: ಒಂದು ವಾರ ಮುಂಚೆ ಒಂದು, ಹಿಂದಿನ ದಿನ ಇನ್ನೊಂದು.

ಆಮೇಲೆ ಹಳೆಯ ಪ್ರಶ್ನೆಪತ್ರಿಕೆ ನೋಡಿ ಪ್ರತಿ ಯೂನಿಟ್ಟಿನ ಮುಂದೆ ಅದರಿಂದ ಎಷ್ಟು ಪ್ರಶ್ನೆ ಬಂದಿವೆ, ಎಂಥವು ಬಂದಿವೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಬರೀ ಅವನ್ನೇ ಓದಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಪ್ರಶ್ನೆ ತಲೆಯಲ್ಲಿದ್ದರೆ ಪಾಠ ಓದುವಾಗ ಕಣ್ಣು ತಾನಾಗಿ ಉತ್ತರ ಹುಡುಕುತ್ತದೆ. ಮೇಷ್ಟ್ರು "ಇದು ಮುಖ್ಯ" ಅನ್ನುತ್ತಾರಲ್ಲ, ಆ ಕೆಲಸ ಇಲ್ಲಿ ಆಯಿತು.

ಸಮಯದ ಲೆಕ್ಕ, ಇದ್ದದ್ದು ಇದ್ದಂತೆ

ಕ್ರೆಡಿಟ್ ಅನ್ನುವ ಪದ ಎಲ್ಲ ಕೋರ್ಸಿನಲ್ಲೂ ಇರುತ್ತದೆ, ಅದರ ಹಿಂದೆ ಗಂಟೆಗಳಿವೆ ಅನ್ನುವುದು ಮಾತ್ರ ಎಷ್ಟೋ ಜನರ ಗಮನಕ್ಕೆ ಬಂದಿರುವುದಿಲ್ಲ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಒಂದು ಕ್ರೆಡಿಟ್ ಅಂದ್ರೆ 30 ಗಂಟೆಯ ಓದು. ಯೂರೋಪಿನ ವಿಶ್ವವಿದ್ಯಾಲಯಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ 25ರಿಂದ 30 ಗಂಟೆ. ಬ್ರಿಟನ್ನಿನಲ್ಲಿ 10 ಗಂಟೆ. ನಿಮ್ಮ ವಿಶ್ವವಿದ್ಯಾಲಯದ ಲೆಕ್ಕ ಯಾವುದು ಅಂತ ಕೈಪಿಡಿಯಲ್ಲಿ ನೋಡಿ, ಗುಣಿಸಿ. ಕ್ರೆಡಿಟ್ಟಿಗೆ 30 ಗಂಟೆಯಾದರೆ 6 ಕ್ರೆಡಿಟ್ಟಿನ ಒಂದು ಪತ್ರಿಕೆಗೆ 180 ಗಂಟೆ. ಕೈಯಲ್ಲಿ 24 ವಾರ ಇದ್ದರೆ ವಾರಕ್ಕೆ ಏಳೂವರೆ ಗಂಟೆ. ಅಂಥ ಮೂರು ಪತ್ರಿಕೆ ತೆಗೆದುಕೊಂಡರೆ ವಾರಕ್ಕೆ ಇಪ್ಪತ್ತೆರಡೂವರೆ ಗಂಟೆ. ಪೂರ್ತಿ ಹೊತ್ತಿನ ಕೆಲಸದಲ್ಲಿರುವವರು ಈ ಸಂಖ್ಯೆಯನ್ನು ಸೇರುವ ಮೊದಲೇ ನೋಡಬೇಕು. ಆಗಲ್ಲ ಅನ್ನಿಸಿದರೆ, ಪತ್ರಿಕೆಗಳನ್ನು ಮುಂದಿನ ಅವಧಿಗೆ ಹಂಚಿಕೊಳ್ಳಲು ನಿಮ್ಮ ಕೋರ್ಸಿನಲ್ಲಿ ಅವಕಾಶ ಇದ್ದರೆ ಹಾಗೇ ಮಾಡಿ. ಅದರಲ್ಲಿ ಅವಮಾನ ಏನೂ ಇಲ್ಲ.

ಈಗ ನಿಮ್ಮ ವಾರದಲ್ಲಿ ನಿಜವಾಗಿ ಖಾಲಿ ಇರುವ ಗಂಟೆ ಎಷ್ಟು ಅಂತ ಬರೆಯಿರಿ. ಒಳ್ಳೆಯ ವಾರದ ಲೆಕ್ಕ ಬೇಡ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ವಾರದ ಲೆಕ್ಕ ಬರೆಯಿರಿ. ಅಂದಾಜಿನಲ್ಲಿ ನಾವೆಲ್ಲರೂ ಎಡವುತ್ತೇವೆ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದಾಗ ಸರಾಸರಿ 34 ದಿನ ಅಂದರು, ನಿಜಕ್ಕೂ ಹಿಡಿದದ್ದು 55 ದಿನ. ಹಾಗಾಗಿ ನಿಮ್ಮ ಅಂದಾಜಿಗೆ ಅರ್ಧದಷ್ಟು ಸೇರಿಸಿಯೇ ಯೋಜನೆ ಹಾಕಿ. ನಾಲ್ಕು ವಾರಕ್ಕೊಂದು ವಾರವನ್ನು ಪೂರ್ತಿ ಖಾಲಿ ಬಿಡಿ. ಹಿಂದುಳಿದದ್ದನ್ನು ಎಳೆದುಕೊಳ್ಳಲು ಅದು ಬೇಕಾಗುತ್ತದೆ.

"ದಿನಾ ಎರಡು ಗಂಟೆ ಓದುತ್ತೇನೆ" ಅನ್ನುವ ಸಂಕಲ್ಪ ನಿಲ್ಲುವುದಿಲ್ಲ. ಯಾವಾಗ, ಎಲ್ಲಿ ಅನ್ನುವುದು ಅದರಲ್ಲಿ ಇಲ್ಲವಲ್ಲ. ಪೀಟರ್ ಗೋಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ ದಾರಿ ಸರಳ: ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಅಂತ ಮೊದಲೇ ಗಂಟು ಹಾಕಿಡುವುದು. "ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿನ ಮುಂದೆ ಕೂತು 3ನೇ ಯೂನಿಟ್ಟಿನ ಪ್ರಶ್ನೆ ತೆರೆಯುತ್ತೇನೆ." ಹೀಗೆ ಬರೆದಿಟ್ಟರೆ ಪ್ರತಿ ರಾತ್ರಿ ಮನಸ್ಸಿನ ಜೊತೆ ಚೌಕಾಸಿ ಮಾಡುವುದು ತಪ್ಪುತ್ತದೆ. ಮನೆಯವರಿಗೂ ಆ ಹೊತ್ತು ಗೊತ್ತಿರಲಿ. ಹೇಳದೆ ಇದ್ದರೆ ಅವರು ಕರೆಯುತ್ತಾರೆ, ತಪ್ಪು ಅವರದಲ್ಲ.

ಒಂದು ಯೂನಿಟ್ ಓದುವುದು

ಇಡೀ ಮಾರ್ಗದರ್ಶಿಯಲ್ಲಿ ಜಾಸ್ತಿ ಗಮನ ಕೊಡಬೇಕಾದ ಜಾಗ ಇದು, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ದೂರಶಿಕ್ಷಣದ ಪುಸ್ತಕ ಮಾಮೂಲಿ ಪಠ್ಯಪುಸ್ತಕದಂತೆ ಬರೆದದ್ದಲ್ಲ. ಬೋರ್ಯೆ ಹೋಲ್ಮ್‌ಬರ್ಗ್ ಎಂಬ ಸ್ವೀಡನ್ನಿನ ವಿದ್ವಾಂಸರು, ದೂರದ ವಿದ್ಯಾರ್ಥಿಗೆ ಬರೆಯುವ ಪಾಠ ಅವನ ಜೊತೆ ಮಾತಾಡುವಂತೆ ಇರಬೇಕು ಅಂದರು. ಅದಕ್ಕೇ ಯೂನಿಟ್ಟಿನ ಮೊದಲಲ್ಲಿ ಉದ್ದೇಶಗಳು, ನಡುನಡುವೆ ನಿಮ್ಮ ಪ್ರಗತಿ ಪರೀಕ್ಷಿಸಿಕೊಳ್ಳಿ ಅನ್ನುವ ಚಿಕ್ಕ ಪ್ರಶ್ನೆಗಳು, ಕೊನೆಗೆ ಸಾರಾಂಶ ಇರುತ್ತವೆ. ನಡುವೆ ಬರುವ ಆ ಪ್ರಶ್ನೆಗಳೇ ಎದುರಿಗಿಲ್ಲದ ಮೇಷ್ಟ್ರ ದನಿ. ಬೇಸರದ ಸಂಗತಿ ಅಂದ್ರೆ, ಓದುವವರು ಮೊದಲು ಹಾರಿಸುವುದೂ ಅದನ್ನೇ. ಪ್ರಶ್ನೆ ಬಂದ ಕಡೆ ನಿಲ್ಲಿ. ಕೊಟ್ಟಿರುವ ಖಾಲಿ ಗೆರೆಗಳಲ್ಲಿ ಕೈಯಾರೆ ಉತ್ತರ ಬರೆಯಿರಿ. ಆಮೇಲೆ ಕೊನೆಯ ಪುಟದ ಉತ್ತರದ ಜೊತೆ ಹೋಲಿಸಿ.

ಓದುವ ಕ್ರಮ ಹೀಗಿರಲಿ. ಮೊದಲು ಉದ್ದೇಶಗಳು ಮತ್ತು ಸಾರಾಂಶ ಓದಿ, ಹತ್ತು ನಿಮಿಷ ಸಾಕು. ಆಮೇಲೆ ಪ್ರತಿ ಉಪಶೀರ್ಷಿಕೆಯನ್ನೂ ಪ್ರಶ್ನೆಯಾಗಿ ತಿರುಗಿಸಿ ನೋಟ್‌ಬುಕ್ಕಿನ ಎಡಗಡೆ ಬರೆಯಿರಿ. ಆಮೇಲೆ ಓದಿ. ಒಂದು ಉಪಶೀರ್ಷಿಕೆ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಲಗಡೆ ನಿಮ್ಮ ಮಾತಿನಲ್ಲಿ ಉತ್ತರ ಬರೆಯಿರಿ. ತಪ್ಪಾದರೂ ಪರವಾಗಿಲ್ಲ. ಪುಸ್ತಕ ತೆರೆದು ತಿದ್ದಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅರ್ಥಶಾಸ್ತ್ರದ ಪುಸ್ತಕದಲ್ಲಿ "ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ" ಅನ್ನುವ ಉಪಶೀರ್ಷಿಕೆ ಬಂತು ಅಂದುಕೊಳ್ಳಿ. ಮೇಲುಮೇಲೆ ಓದುವವರು ವ್ಯಾಖ್ಯೆಗೆ ಗೆರೆ ಎಳೆದು, "ಬೇಡಿಕೆಯ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸಿದರೆ ಬರುವುದು" ಅನ್ನುವ ವಾಕ್ಯವನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ನೀವು ಎಡಗಡೆ ಬರೆಯುವ ಪ್ರಶ್ನೆ ಇದು: ಬೆಲೆ ಏರಿಸಿದರೆ ಮಾರುವವನಿಗೆ ಬರುವ ಒಟ್ಟು ಹಣ ಜಾಸ್ತಿಯಾಗುತ್ತದಾ, ಕಡಿಮೆಯಾಗುತ್ತದಾ?

ಈಗ ಸಣ್ಣ ಲೆಕ್ಕ ಹಾಕಿ. ಬೆಲೆ 10, ಮಾರಾಟ 100. ಒಟ್ಟು 1000. ಬೆಲೆ 11 ಆಯಿತು, ಅಂದರೆ ಶೇ. 10 ಏರಿತು. ಮಾರಾಟ 95ಕ್ಕೆ ಇಳಿದರೆ ಇಳಿಕೆ ಶೇ. 5. ಭಾಗಿಸಿದರೆ 0.5. ಒಟ್ಟು ಹಣ 1045, ಮೊದಲಿಗಿಂತ ಜಾಸ್ತಿ. ಇನ್ನೊಂದು ವಸ್ತುವಿನಲ್ಲಿ ಅದೇ ಬೆಲೆ ಏರಿಕೆಗೆ ಮಾರಾಟ 80ಕ್ಕೆ ಇಳಿಯಿತು ಅನ್ನಿ. ಭಾಗಿಸಿದರೆ 2. ಒಟ್ಟು ಹಣ 880, ಮೊದಲಿಗಿಂತ ಕಡಿಮೆ. ಈಗ ಕೇಳಿಕೊಳ್ಳಿ, ಮೊದಲನೆಯದು ಎಂಥ ವಸ್ತು ಇರಬಹುದು? ಇನ್ಸುಲಿನ್‌ನಂಥ ಔಷಧಿ, ಬೆಲೆ ಏರಿದರೂ ಬಿಡಲು ಆಗದ್ದು. ಎರಡನೆಯದು? ಬದಲಿಗೆ ಬೇರೆ ಕಂಪನಿಯದ್ದು ಸುಲಭವಾಗಿ ಸಿಗುವಂಥದ್ದು. ಇಷ್ಟು ಮಾಡಿದರೆ ಮುಂದಿನ ಪುಟದಲ್ಲಿ ಬರುವ "ಸ್ಥಿತಿಸ್ಥಾಪಕತ್ವವನ್ನು ನಿರ್ಧರಿಸುವ ಅಂಶಗಳು" ಅನ್ನುವ ಪಟ್ಟಿಯ ಅರ್ಧವನ್ನು ನೀವೇ ಬರೆದಿರುತ್ತೀರಿ. ಸರ್ಕಾರ ಯಾವ ವಸ್ತುವಿನ ಮೇಲೆ ತೆರಿಗೆ ಹಾಕಿದರೆ ಹಣ ಬರುತ್ತದೆ ಅನ್ನುವುದೂ ಇದರಿಂದಲೇ ಹೊಳೆಯುತ್ತದೆ. ಬಾಯಿಪಾಠ ಮಾಡಿದ ವ್ಯಾಖ್ಯೆಯಿಂದ ಇದ್ಯಾವುದೂ ಹುಟ್ಟುವುದಿಲ್ಲ.

ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಒಂದು ಯೂನಿಟ್ಟಿಗೆ ಎರಡು ಸಂಜೆ ಬೇಕಾಗಬಹುದು. ಆದರೆ ಗೆರೆ ಎಳೆದು ಓದಿದ್ದನ್ನು ಪರೀಕ್ಷೆಗೆ ಮೊದಲು ಪೂರ್ತಿ ಮತ್ತೆ ಓದಬೇಕು. ಹೀಗೆ ಓದಿದ್ದಕ್ಕೆ ಎಡಗಡೆಯ ಪ್ರಶ್ನೆ ನೋಡಿ ಬಲಗಡೆ ಮುಚ್ಚಿಕೊಂಡು ಹೇಳಿಕೊಂಡರೆ ಸಾಕು.

ಇನ್ನೊಂದು ಮಾತು. "ನಾನು ನೋಡಿ ಕಲಿಯುವವನು, ಓದಿ ಕಲಿಯಲು ಆಗಲ್ಲ" ಅನ್ನುವುದನ್ನು ತುಂಬ ಜನ ಹೇಳುತ್ತಾರೆ. ಹೆರಾಲ್ಡ್ ಪ್ಯಾಶ್ಲರ್ ಮತ್ತಿತರರು 2008ರಲ್ಲಿ ಇದನ್ನು ಪರಿಶೀಲಿಸಿ, ಒಬ್ಬೊಬ್ಬರ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನಲು ಸರಿಯಾದ ಆಧಾರ ಇಲ್ಲ ಅಂತ ತೋರಿಸಿದರು. ಭೂಪಟದ ವಿಷಯ ಎಲ್ಲರಿಗೂ ಭೂಪಟ ನೋಡಿದರೇ ಸುಲಭ. ಅದು ವಿಷಯದ ಗುಣ. ಆ ನೆಪಕ್ಕೆ ಪುಸ್ತಕ ಬಿಡಬೇಡಿ.

ಓದಿದ್ದು ಉಳಿಯಬೇಕಾದರೆ

ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಮರೆವಿನ ಲೆಕ್ಕ ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿತರೆ ಒಂದು ದಿನದೊಳಗೆ ಸುಮಾರು ಮೂರರಲ್ಲಿ ಎರಡು ಪಾಲು ಹೋಗಿಬಿಡುತ್ತದೆ. ಅರ್ಥ ಮಾಡಿಕೊಂಡು ಓದಿದ್ದು ಇಷ್ಟು ಬೇಗ ಹೋಗುವುದಿಲ್ಲ, ಆದರೆ ಹೋಗುವುದಂತೂ ಹೋಗುತ್ತದೆ. ತಿಂಗಳು ಬಿಟ್ಟು ತೆರೆದಾಗ ಮೊದಲ ಯೂನಿಟ್ ಹೊಸದಾಗಿ ಕಂಡರೆ ಅದು ಎಲ್ಲರಿಗೂ ಆಗುವಂಥದ್ದೇ.

ಇದಕ್ಕೆ ಮದ್ದು ಮತ್ತೆ ಓದುವುದು ಅಂತ ನಾವು ನಂಬಿದ್ದೇವೆ, ಅಲ್ವಾ? 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಇದನ್ನು ಪರೀಕ್ಷಿಸಿದರು. ಒಂದು ಪಾಠವನ್ನು ಓದಿದ ಮೇಲೆ ಒಂದು ಸಲ ಅದನ್ನೇ ಮತ್ತೆ ಓದಿಸಿದರು, ಇನ್ನೊಂದು ಸಲ ನೋಡದೆ ನೆನಪಾದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದ್ದೇ ಗೆದ್ದಿತು: ಶೇ. 81, ಬರೆದದ್ದಕ್ಕೆ ಶೇ. 75. ಆದರೆ ಒಂದು ವಾರ ಬಿಟ್ಟು ಕೇಳಿದಾಗ ಮತ್ತೆ ಓದಿದ್ದು ಶೇ. 42ಕ್ಕೆ ಇಳಿದಿತ್ತು, ನೋಡದೆ ಬರೆದದ್ದು ಶೇ. 56ರಲ್ಲಿತ್ತು. ಮತ್ತೆ ಮತ್ತೆ ಓದಿದಾಗ "ಇದು ಗೊತ್ತು" ಅನ್ನಿಸುವುದು ಪುಟದ ಪರಿಚಯದಿಂದ. ಆ ಪರಿಚಯ ಪರೀಕ್ಷೆಯಲ್ಲಿ ಕೈ ಕೊಡುತ್ತದೆ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಜೊತೆಗಾರರು ಹತ್ತು ಓದಿನ ವಿಧಾನಗಳನ್ನು ತೂಗಿ ನೋಡಿದಾಗಲೂ ಬಣ್ಣ ಹಚ್ಚುವುದು, ಮತ್ತೆ ಓದುವುದು ಕೆಳಗಿನ ಸಾಲಿನಲ್ಲಿ ಉಳಿದವು. ತನ್ನನ್ನೇ ಪರೀಕ್ಷಿಸಿಕೊಳ್ಳುವುದು, ಬಿಡುವು ಕೊಟ್ಟು ಓದುವುದು ಮೇಲೆ ಬಂದವು.

ಮಾಡುವುದು ಹೇಗೆ? ಓದಿದ ಮರುದಿನ ಹೊಸ ಪಾಠ ತೆರೆಯುವ ಮೊದಲು ಹತ್ತು ನಿಮಿಷ, ಖಾಲಿ ಹಾಳೆ ತೆಗೆದುಕೊಂಡು ನಿನ್ನೆಯದರಲ್ಲಿ ನೆನಪಾದದ್ದು ಬರೆಯಿರಿ. ಬಿಟ್ಟು ಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಆ ಬಣ್ಣದಲ್ಲಿರುವುದೇ ನಿಮಗೆ ಗೊತ್ತಿಲ್ಲದ್ದು. ವಾರ ಬಿಟ್ಟು ಇನ್ನೊಮ್ಮೆ, ಮೂರು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ. ಪರೀಕ್ಷೆ ದೂರ ಇದ್ದಷ್ಟೂ ನಡುವಿನ ಬಿಡುವು ಉದ್ದ ಇರಬಹುದು. ವ್ಯಾಖ್ಯೆ, ಇಸವಿ, ಸೂತ್ರಗಳಿಗೆ ಚಿಕ್ಕ ಚೀಟಿ ಮಾಡಿ, ಮುಂದೆ ಪ್ರಶ್ನೆ, ಹಿಂದೆ ಉತ್ತರ. ಸರಿ ಹೇಳಿದ ಚೀಟಿಯನ್ನು ಮುಂದಿನ ವಾರದ ಡಬ್ಬಿಗೆ ಹಾಕಿ, ತಪ್ಪಿದ್ದು ನಾಳೆಯ ಡಬ್ಬಿಯಲ್ಲೇ ಇರಲಿ. ಬಸ್ಸಿನಲ್ಲಿ ಹೋಗುವಾಗ, ಯಾರಿಗೋ ಕಾಯುವಾಗ ಈ ಚೀಟಿಗಳು ಕೆಲಸಕ್ಕೆ ಬರುತ್ತವೆ. ಆಂಕಿ ಅನ್ನುವ ಆ್ಯಪ್ ಇದನ್ನೇ ತಾನಾಗಿ ಲೆಕ್ಕ ಇಟ್ಟು ಮಾಡುತ್ತದೆ. ಚೀಟಿಯನ್ನು ಮಾತ್ರ ನೀವೇ ಬರೆಯಿರಿ. ಬೇರೆಯವರು ಮಾಡಿದ್ದನ್ನು ಇಳಿಸಿಕೊಂಡರೆ ಅರ್ಧ ಲಾಭ ಹೋಯಿತು.

ಮೊದಮೊದಲು ಖಾಲಿ ಹಾಳೆಯ ಮುಂದೆ ಹಿಂಸೆ ಆಗುತ್ತದೆ. ಏನೂ ನೆನಪಾಗುವುದಿಲ್ಲ ಅನ್ನಿಸುತ್ತದೆ. ಎರಡು ನಿಮಿಷ ತಡೆದುಕೊಳ್ಳಿ. ಆ ಎಳೆದಾಟದಲ್ಲೇ ನೆನಪು ಗಟ್ಟಿಯಾಗುವುದು.

ವಿಡಿಯೋ ಪಾಠಗಳು

ವಿಡಿಯೋ ನೋಡುವುದು ಓದಿದಂತೆ ಭಾಸವಾಗುತ್ತದೆ, ಅದೇ ಅದರ ತೊಂದರೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ದಾಖಲೆಗಳನ್ನು 2014ರಲ್ಲಿ ನೋಡಿದಾಗ, ವಿಡಿಯೋ ಎಷ್ಟೇ ಉದ್ದ ಇರಲಿ, ಅರ್ಧದಷ್ಟು ಸಲ ನೋಡುಗರು ಆರು ನಿಮಿಷ ದಾಟುವ ಮೊದಲೇ ಬಿಟ್ಟಿದ್ದರು. ಹಾಗಾಗಿ ಐದಾರು ನಿಮಿಷಕ್ಕೊಮ್ಮೆ ನಿಲ್ಲಿಸಿ, ಈಗ ಏನು ಹೇಳಿದರು ಅಂತ ಎರಡು ಸಾಲು ಬರೆಯಿರಿ. ಪುಸ್ತಕದಲ್ಲಿ ಅರ್ಥವಾಗದ ಜಾಗಕ್ಕೆ ಮಾತ್ರ ವಿಡಿಯೋ ಹುಡುಕಿ, ಇಡೀ ಪಾಠದ ಬದಲಿಗೆ ಬೇಡ.

ಅಸೈನ್‌ಮೆಂಟ್ ಬರೆಯುವುದು

ನಾನು ಅಸೈನ್‌ಮೆಂಟ್ ತಿದ್ದುವಾಗ ಮತ್ತೆ ಮತ್ತೆ ಕಾಣುವುದು ಒಂದೇ. ಬರೆದವರಿಗೆ ವಿಷಯ ಗೊತ್ತಿದೆ, ಆದರೆ ಕೇಳಿದ್ದಕ್ಕೆ ಉತ್ತರ ಬರೆದಿಲ್ಲ. "ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ನಿರ್ಧರಿಸುವ ಅಂಶಗಳನ್ನು ಸೂಕ್ತ ಉದಾಹರಣೆಗಳೊಂದಿಗೆ ವಿಮರ್ಶಿಸಿ" ಅಂತ ಪ್ರಶ್ನೆ ಇದೆ ಅನ್ನಿ. ಬರುವ ಉತ್ತರದಲ್ಲಿ ಒಂದೂವರೆ ಪುಟ ಸ್ಥಿತಿಸ್ಥಾಪಕತ್ವ ಅಂದರೇನು, ಅದರ ವಿಧಗಳು ಎಷ್ಟು ಅನ್ನುವುದೇ ತುಂಬಿರುತ್ತದೆ. ಅದನ್ನು ಯಾರೂ ಕೇಳಿಲ್ಲ. ಪ್ರಶ್ನೆಯನ್ನು ಮೂರು ತುಂಡು ಮಾಡಿ. ಯಾವುದರ ಬಗ್ಗೆ? ನಿರ್ಧರಿಸುವ ಅಂಶಗಳು. ಏನು ಜೊತೆಗಿರಬೇಕು? ಉದಾಹರಣೆ, ಪ್ರತಿ ಅಂಶಕ್ಕೂ ಒಂದು. ಏನು ಮಾಡಬೇಕು? ವಿಮರ್ಶಿಸಬೇಕು, ಅಂದರೆ ಯಾವ ಅಂಶ ಎಷ್ಟು ಬಲವಾದದ್ದು, ಎಲ್ಲಿ ಅದು ಹೊಂದುವುದಿಲ್ಲ ಅನ್ನುವುದನ್ನೂ ಹೇಳಬೇಕು. "ವಿವರಿಸಿ" ಅಂದಾಗ ತೀರ್ಪು ಬೇಡ. "ಹೋಲಿಸಿ" ಅಂದಾಗ ಎರಡನ್ನೂ ಒಂದೊಂದು ಪುಟ ಬರೆದರೆ ಸಾಲದು, ಒಂದೊಂದು ಅಂಶದಲ್ಲೂ ಎದುರುಬದುರು ನಿಲ್ಲಿಸಬೇಕು. "ಟಿಪ್ಪಣಿ ಬರೆಯಿರಿ" ಅಂದಾಗ ಚಿಕ್ಕದಾಗಿ, ತಿರುಳು ಮಾತ್ರ.

ಬರೆಯುವಾಗ ಪುಸ್ತಕ ಮುಚ್ಚಿರಲಿ. ಮೊದಲು ನಿಮ್ಮ ನೋಟ್ಸ್ ನೋಡಿ ಆರೇಳು ಬಿಂದುಗಳ ಪಟ್ಟಿ ಮಾಡಿ, ಪಟ್ಟಿ ನೋಡಿಕೊಂಡು ಬರೆಯಿರಿ. ಮಾಹಿತಿ ಸರಿಯಿದೆಯಾ ಅಂತ ಕೊನೆಗೆ ಪುಸ್ತಕ ತೆರೆಯಿರಿ. ಸಿದ್ಧ ಉತ್ತರಗಳನ್ನು ಕೊಂಡುಕೊಂಡು ನಕಲು ಮಾಡುವುದು ಎಲ್ಲ ಕಡೆ ನಡೆಯುತ್ತದೆ. ಯಂತ್ರದಿಂದ ಬರೆಸುವುದೂ ಈಗ ಸೇರಿಕೊಂಡಿದೆ. ಸಿಕ್ಕಿಬೀಳುವ ಭಯ ಹಾಗಿರಲಿ, ಓದಿದ್ದನ್ನು ಇನ್ನೊಬ್ಬರು ತಿದ್ದಿಕೊಡುವ ಅವಕಾಶ ದೂರಶಿಕ್ಷಣದಲ್ಲಿ ಇರುವುದೇ ಇದೊಂದು. ಅದನ್ನು ಕೈಯಾರೆ ಕಳೆದುಕೊಳ್ಳುವುದು ನೋಡಿದರೆ ನಿಜಕ್ಕೂ ನೋವಾಗುತ್ತದೆ. ತಿದ್ದಿ ವಾಪಸ್ ಬಂದ ಮೇಲೆ ಅಂಕ ನೋಡಿ ಎತ್ತಿಡಬೇಡಿ. ಅಂಚಿನಲ್ಲಿ ಬರೆದ ಪ್ರತಿ ಟಿಪ್ಪಣಿಯನ್ನೂ ಓದಿ, ಆ ಒಂದು ಪ್ಯಾರಾ ಮಾತ್ರ ಮತ್ತೆ ಬರೆದು ನೋಡಿ.

ಅನುಮಾನ ಕೇಳುವುದು, ಜೊತೆ ಹುಡುಕಿಕೊಳ್ಳುವುದು

ಮೈಕೆಲ್ ಮೂರ್ ಎಂಬ ಶಿಕ್ಷಣತಜ್ಞರ ಪ್ರಕಾರ ದೂರಶಿಕ್ಷಣದಲ್ಲಿ ದೂರವನ್ನು ಅಳೆಯಬೇಕಾದ್ದು ಮೈಲಿಯಲ್ಲಲ್ಲ. ಕಲಿಸುವವರಿಗೂ ಕಲಿಯುವವರಿಗೂ ನಡುವೆ ಮಾತು ಎಷ್ಟು ನಡೆಯುತ್ತದೆ ಅನ್ನುವುದರಲ್ಲಿ. ಮಾತು ಜಾಸ್ತಿಯಾದರೆ ದೂರ ಕಡಿಮೆಯಾಗುತ್ತದೆ. ಅಂದರೆ ಅದು ನಿಮ್ಮ ಕೈಯಲ್ಲೂ ಇದೆ.

ಕೇಳುವುದಕ್ಕೂ ಒಂದು ರೀತಿ ಇದೆ. "ಸರ್, 4ನೇ ಯೂನಿಟ್ ಅರ್ಥ ಆಗ್ತಿಲ್ಲ" ಅಂತ ಮೆಸೇಜ್ ಕಳಿಸಿದರೆ ಅವರೇನು ಹೇಳಬೇಕು? "ಇನ್ನೊಮ್ಮೆ ಓದಿ" ಅನ್ನುತ್ತಾರೆ. ಹೀಗೆ ಬರೆದು ನೋಡಿ: "ಸರ್, 4ನೇ ಯೂನಿಟ್, 52ನೇ ಪುಟ. ಬೆಲೆ ಏರಿದರೂ ಒಟ್ಟು ಹಣ ಬದಲಾಗದ ಸಂದರ್ಭ ಇದೆ ಅಂತ ಕೊಟ್ಟಿದ್ದಾರೆ. ಸ್ಥಿತಿಸ್ಥಾಪಕತ್ವ 1 ಬಂದಾಗ ಹೀಗಾಗುತ್ತದೆ ಅಂತ ನಾನು ತಿಳಿದುಕೊಂಡಿದ್ದೇನೆ, ಆದರೆ ಬೆಲೆ 10ರಿಂದ 11ಕ್ಕೆ ಏರಿ ಮಾರಾಟ 100ರಿಂದ 90ಕ್ಕೆ ಇಳಿಯಿತು ಅಂತ ನಾನೇ ಲೆಕ್ಕ ಹಾಕಿದರೆ 990 ಬರುತ್ತಿದೆ, 1000 ಬರುತ್ತಿಲ್ಲ. ಎಲ್ಲಿ ತಪ್ಪಿದ್ದೇನೆ ಹೇಳುತ್ತೀರಾ?" ಇದಕ್ಕೆ ಮೂರು ಸಾಲಿನಲ್ಲಿ ಉತ್ತರ ಬರುತ್ತದೆ. ಶೇಕಡಾ ಬದಲಾವಣೆ ದೊಡ್ಡದಾದಾಗ ಹೀಗೆ ಸ್ವಲ್ಪ ವ್ಯತ್ಯಾಸ ಬರುತ್ತದೆ, ಮಧ್ಯಬಿಂದು ವಿಧಾನದಲ್ಲಿ, ಅಂದರೆ ಹಳೆಯ ಮತ್ತು ಹೊಸ ಸಂಖ್ಯೆಯ ಸರಾಸರಿಯ ಮೇಲೆ ಶೇಕಡಾ ಲೆಕ್ಕ ಹಾಕಿ ಮಾಡಿ ಅನ್ನುತ್ತಾರೆ. ಎಷ್ಟೋ ಸಲ ಇಷ್ಟು ವಿವರವಾಗಿ ಬರೆಯುವಾಗಲೇ ಉತ್ತರ ಹೊಳೆದುಬಿಡುತ್ತದೆ.

ಸಂಪರ್ಕ ತರಗತಿಗೆ ಖಾಲಿ ಕೈಯಲ್ಲಿ ಹೋಗಬೇಡಿ, ಐದು ಪ್ರಶ್ನೆ ಬರೆದುಕೊಂಡು ಹೋಗಿ. ಅಲ್ಲಿ ಒಬ್ಬಿಬ್ಬರು ಜೊತೆಗಾರರನ್ನು ಹುಡುಕಿಕೊಳ್ಳಿ. ನೂರಾರು ಜನರ ವಾಟ್ಸಾಪ್ ಗುಂಪು ದಿನಾಂಕ ತಿಳಿಯಲು ಸಾಕು, ಓದಲು ಇಬ್ಬರು ಮೂವರೇ ಸರಿ. ವಾರಕ್ಕೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಒಂದು ವಿಷಯ ವಿವರಿಸಿ. ಬಾಯಿ ತಡವರಿಸಿದ ಕಡೆ ಗುರುತು ಹಾಕಿಕೊಳ್ಳಿ.

ಹಿಂದುಳಿದಾಗ

ಹಿಂದುಳಿಯುತ್ತೀರಿ. ಎಲ್ಲರೂ ಒಂದಲ್ಲ ಒಂದು ಸಲ ಹಿಂದುಳಿಯುತ್ತಾರೆ. ಆಗ ಬಿಟ್ಟ ಕಡೆಯಿಂದ ಎಲ್ಲವನ್ನೂ ಎಳೆದುಕೊಂಡು ಬರಲು ಹೋಗಬೇಡಿ, ಬಾಕಿ ಬೆಟ್ಟದಂತೆ ಕಂಡು ಪುಸ್ತಕ ಮುಟ್ಟಲೇ ಭಯವಾಗುತ್ತದೆ. ಈ ವಾರದ್ದು ಯಾವುದೋ ಅಲ್ಲಿಂದಲೇ ಶುರು ಮಾಡಿ. ಬಾಕಿ ಉಳಿದದ್ದಕ್ಕೆ ವಾರದಲ್ಲಿ ಬೇರೆ ಒಂದು ಹೊತ್ತು ಇಡಿ. ಬಾಕಿಯಲ್ಲೂ ಮುಂದಿನ ಪಾಠಕ್ಕೆ ಬುನಾದಿ ಆಗಿರುವ ಯೂನಿಟ್ ಮೊದಲು, ಮಾರ್ಕ್ಸ್ ಜಾಸ್ತಿ ಇರುವುದು ಆಮೇಲೆ, ಉಳಿದವಕ್ಕೆ ಸಾರಾಂಶ ಮತ್ತು ಪ್ರಶ್ನೆಗಳು ಸಾಕು. ಗಣಿತ, ಲೆಕ್ಕಶಾಸ್ತ್ರದಂಥ ವಿಷಯಗಳಲ್ಲಿ ಮಾತ್ರ ಹಾರಿಸಲು ಆಗುವುದಿಲ್ಲ, ಅಲ್ಲಿ ಹಿಂದಕ್ಕೆ ಹೋಗಲೇಬೇಕು.

ತುಂಬ ದಿನ ಬಿಟ್ಟು ಮತ್ತೆ ಕೂರುವ ಮೊದಲ ಸಂಜೆ ಹದಿನೈದು ನಿಮಿಷ ಮಾತ್ರ ಕೂರಿ. ಹಳೆಯ ಚೀಟಿಗಳನ್ನು ತಿರುವಿ ಎದ್ದುಬಿಡಿ. ಮರುದಿನ ಕೂರುವುದು ಸುಲಭವಾಗುತ್ತದೆ.

ಪರೀಕ್ಷೆಗೆ ಮೊದಲಿನ ತಿಂಗಳು

ಇಷ್ಟು ದಿನ ಓದಿದವರು ಈಗ ಬರೆಯಬೇಕು. ವರ್ಷಗಟ್ಟಲೆ ಕೀಬೋರ್ಡಿನಲ್ಲೇ ಕೆಲಸ ಮಾಡಿದವರಿಗೆ ಮೂರು ಗಂಟೆ ಪೆನ್ನು ಹಿಡಿಯುವುದೇ ಕಷ್ಟ, ಅರ್ಧಕ್ಕೇ ಕೈ ನೋಯುತ್ತದೆ. ದಿನಕ್ಕೆ ಒಂದು ಉತ್ತರವನ್ನಾದರೂ ಕೈಯಲ್ಲಿ, ಗಡಿಯಾರ ನೋಡಿಕೊಂಡು ಬರೆಯಿರಿ. ಲೆಕ್ಕ ಹೀಗೆ: ಮೂರು ಗಂಟೆ ಅಂದರೆ 180 ನಿಮಿಷ. ಪ್ರಶ್ನೆ ಓದಲು ಮತ್ತು ಕೊನೆಗೆ ನೋಡಿಕೊಳ್ಳಲು 15 ನಿಮಿಷ ತೆಗೆದಿಡಿ. ಉಳಿದ 165 ನಿಮಿಷವನ್ನು 100 ಅಂಕಕ್ಕೆ ಹಂಚಿದರೆ 20 ಅಂಕದ ಪ್ರಶ್ನೆಗೆ 33 ನಿಮಿಷ, 10 ಅಂಕದ್ದಕ್ಕೆ ಹದಿನಾರೂವರೆ ನಿಮಿಷ. 33 ನಿಮಿಷ ಮುಗಿದ ಕೂಡಲೇ ಎಷ್ಟೇ ಚೆನ್ನಾಗಿ ಬರುತ್ತಿದ್ದರೂ ನಿಲ್ಲಿಸಿ, ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ. ಮೊದಲ ಪ್ರಶ್ನೆಗೆ ಒಂದು ಗಂಟೆ ಕೊಟ್ಟು ಕೊನೆಯದನ್ನು ಬಿಟ್ಟು ಬರುವುದರಿಂದ ಹೋಗುವಷ್ಟು ಮಾರ್ಕ್ಸ್ ಇನ್ಯಾವುದರಿಂದಲೂ ಹೋಗುವುದಿಲ್ಲ.

ಪರೀಕ್ಷೆಗೆ ಮುಂಚೆ ಕನಿಷ್ಠ ಎರಡು ಹಳೆಯ ಪತ್ರಿಕೆಗಳನ್ನು ಪೂರ್ತಿ ಮೂರು ಗಂಟೆ ಕೂತು ಬರೆಯಿರಿ. ನಿಮ್ಮ ಪರೀಕ್ಷೆ ಬೆಳಿಗ್ಗೆ ಇದ್ದರೆ ಬೆಳಿಗ್ಗೆಯೇ ಬರೆಯಿರಿ. ಹಿಂದಿನ ರಾತ್ರಿ ನಿದ್ದೆ ಬಿಟ್ಟು ಹೊಸ ಯೂನಿಟ್ ತೆರೆಯಬೇಡಿ, ಓದಿದ್ದು ನೆಲೆಯಾಗುವುದು ನಿದ್ದೆಯಲ್ಲೇ. ಚೀಟಿಗಳಲ್ಲಿ ತಪ್ಪುತ್ತಿರುವವನ್ನು ಮಾತ್ರ ನೋಡಿ ಮಲಗಿ. ಪತ್ರಿಕೆ ಮುಗಿಸಿ ಬಂದ ದಿನವೇ ಯಾವ ಯೂನಿಟ್ಟಿನಿಂದ ಏನು ಬಂತು, ಸಮಯ ಎಲ್ಲಿ ಸಾಲಲಿಲ್ಲ ಅಂತ ಅರ್ಧ ಪುಟ ಬರೆದಿಡಿ. ಮುಂದಿನ ಪತ್ರಿಕೆಗೆ ಎರಡು ದಿನ ಇದ್ದರೂ ಆ ಅರ್ಧ ಪುಟ ನೋಡಿ ನಿಮಿಷಗಳ ಹಂಚಿಕೆಯನ್ನು ಸರಿಪಡಿಸಿಕೊಳ್ಳಬಹುದು.